ಪ್ಯಾರಿಸ್ ಗ್ರ್ಯಾಂಡ್ ಸ್ಲ್ಯಾಮ್ ಜೂಡೊ: ನೋಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷ ವರ್ಷ ಫೆಬ್ರವರಿ ಶುರುವಿನ ಒಂದು ಶನಿವಾರ, ಭಾನುವಾರ ಪ್ಯಾರಿಸ್‌ನಲ್ಲಿ ಜೂಡೊ ಗ್ರ್ಯಾಂಡ್ ಸ್ಲ್ಯಾಮ್ ನಡೆಯುತ್ತದೆ. ಆ ಎರಡು ದಿನ ನನ್ನ ಫೋನಿಗೆ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. "ಬೀಳಿಸಲೇ ಇಲ್ಲ, ಗೆದ್ದದ್ದು ಹೇಗೆ ಮಾರಾಯ?" ಎಂಬುದು ಮೊದಲನೆಯದು. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಕೇಳುವವರಲ್ಲಿ ಹಲವರು ಗರಡಿ, ದಸರಾ ಕುಸ್ತಿ ನೋಡಿ ಬೆಳೆದವರು. ಹಾಗಾಗಿ ಉತ್ತರಗಳಲ್ಲಿ ಕುಸ್ತಿ ಆಗಾಗ ಇಣುಕುತ್ತದೆ.

ಒಲಿಂಪಿಕ್ಸೂ ಅಲ್ಲ, ವಿಶ್ವ ಚಾಂಪಿಯನ್‌ಷಿಪ್ಪೂ ಅಲ್ಲ. ಆದರೂ ಈ ಟೂರ್ನಿಗೆ ಯಾಕಿಷ್ಟು ಸದ್ದು?

ಅಂಕದ ಲೆಕ್ಕದಲ್ಲಿ ನೋಡಿದರೆ ಇದು ನಾಲ್ಕನೇ ಸಾಲಿನ ಟೂರ್ನಿ. ಒಲಿಂಪಿಕ್ಸ್ ಚಿನ್ನಕ್ಕೆ 2200 ರ‍್ಯಾಂಕಿಂಗ್ ಅಂಕ, ವಿಶ್ವ ಚಾಂಪಿಯನ್‌ಷಿಪ್‌ಗೆ 2000, ಮಾಸ್ಟರ್ಸ್‌ಗೆ 1800, ಗ್ರ್ಯಾಂಡ್ ಸ್ಲ್ಯಾಮ್‌ಗೆ 1000, ಗ್ರ್ಯಾಂಡ್ ಪ್ರಿಗೆ 700. ವರ್ಷದಲ್ಲಿ ಗ್ರ್ಯಾಂಡ್ ಸ್ಲ್ಯಾಮ್‌ಗಳು ಹಲವಾರು ನಡೆಯುತ್ತವೆ. ತಾಷ್ಕೆಂಟ್, ಟಿಬಿಲಿಸಿ, ಟೋಕಿಯೊ, ಪಟ್ಟಿ ಉದ್ದವಿದೆ.

ಆದರೆ ಪ್ಯಾರಿಸ್‌ನ ತೂಕ ಅಂಕದಿಂದ ಬಂದದ್ದಲ್ಲ. 1971ರಲ್ಲಿ ಶುರುವಾದ ಟೂರ್ನಿ ಇದು. ಫ್ರೆಂಚರು ಇವತ್ತಿಗೂ ಇದನ್ನು 'ತುರ್ನುವಾ ದ ಪಾರಿ', ಅಂದರೆ ಪ್ಯಾರಿಸ್ ಟೂರ್ನಿ ಎಂದೇ ಕರೆಯುತ್ತಾರೆ. 'ಗ್ರ್ಯಾಂಡ್ ಸ್ಲ್ಯಾಮ್' ಎಂಬ ಹಣೆಪಟ್ಟಿ ಬಂದದ್ದು 2009ರಲ್ಲಿ, ಅಂತರರಾಷ್ಟ್ರೀಯ ಜೂಡೊ ಫೆಡರೇಶನ್ ವಿಶ್ವ ಸರಣಿ ಆರಂಭಿಸಿದಾಗ. ಆ ವರ್ಷ ಗ್ರ್ಯಾಂಡ್ ಸ್ಲ್ಯಾಮ್ ಇದ್ದದ್ದು ಪ್ಯಾರಿಸ್, ರಿಯೊ, ಮಾಸ್ಕೊ, ಟೋಕಿಯೊ ನಾಲ್ಕೇ ಕಡೆ.

ಇನ್ನೊಂದು ಕಾರಣ ಪ್ರೇಕ್ಷಕರು. ಜೂಡೊ ಹುಟ್ಟಿದ್ದು ಜಪಾನಿನಲ್ಲಿ. 1882ರಲ್ಲಿ ಜಿಗೊರೊ ಕಾನೊ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ 12 ಚಾಪೆಗಳ ಜಾಗದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಶುರುಮಾಡಿದರು. ಅದನ್ನು ಫ್ರಾನ್ಸ್‌ನಲ್ಲಿ ಬೇರೂರಿಸಿದವರು 1935ರಲ್ಲಿ ಅಲ್ಲಿಗೆ ಬಂದ ಮಿಕಿನೊಸುಕೆ ಕವಾಯಿಶಿ. ಹಳದಿ, ಕಿತ್ತಳೆ, ಹಸಿರು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಣ್ಣದ ಬೆಲ್ಟುಗಳು ಯುರೋಪಿನಲ್ಲಿ ಹಬ್ಬಿದ್ದರಲ್ಲಿ ಅವರ ಕೈ ದೊಡ್ಡದು. ಇವತ್ತು ಫ್ರಾನ್ಸ್‌ನ ಜೂಡೊ ಕ್ಲಬ್ಬುಗಳ ಸದಸ್ಯರು 5 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಮಕ್ಕಳು. ಹೀಗಾಗಿ ಟೂರ್ನಿ ನಡೆಯುವ ಬೆರ್ಸಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತವರಿಗೆ ಕಣದಲ್ಲಿ ನಡೆಯುತ್ತಿರುವುದೇನೆಂದು ಗೊತ್ತಿರುತ್ತದೆ. ಹಿಡಿತ ಒಂಚೂರು ಬದಲಾದರೂ ಸಾವಿರಾರು ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಮೈಸೂರಿನಲ್ಲಿ ಹಳೇ ಪೈಲ್ವಾನರು ಮುಂದಿನ ಸಾಲಿನಲ್ಲಿ ಕೂತು "ಹಾಂ, ಈಗ ಬಿತ್ತು" ಅನ್ನುವುದಿಲ್ಲವೇ, ಆ ಥರ.

ಪುರುಷರ ಟೂರ್ನಿ ಬೇರೆ, ಮಹಿಳೆಯರ ಟೂರ್ನಿ ಬೇರೆಯೇ?

ಅಲ್ಲ. ಟೂರ್ನಿ ಒಂದೇ, ದಿನ ಒಂದೇ, ಚಾಪೆಯೂ ಒಂದೇ. ಇಬ್ಬರಿಗೂ ತಲಾ ಏಳು ತೂಕದ ವಿಭಾಗಗಳಿವೆ. ಪುರುಷರಿಗೆ 60, 66, 73, 81, 90, 100 ಕಿಲೊ ಮತ್ತು 100ಕ್ಕಿಂತ ಹೆಚ್ಚು. ಮಹಿಳೆಯರಿಗೆ 48, 52, 57, 63, 70, 78 ಮತ್ತು 78ಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಶನಿವಾರ ಹಗುರದವರು, ಭಾನುವಾರ ಭಾರದವರು. ಒಂದು ಚಾಪೆಯಲ್ಲಿ 48 ಕಿಲೊದ ಹುಡುಗಿಯರು ಇಳಿದು ಹೋದ ಮರುಗಳಿಗೆಯಲ್ಲೇ 66 ಕಿಲೊದ ಹುಡುಗರು ಹತ್ತುತ್ತಾರೆ. ಪಂದ್ಯದ ಅವಧಿ ಇಬ್ಬರಿಗೂ 4 ನಿಮಿಷ. ಪುರುಷರಿಗೆ ಹಿಂದೆ 5 ನಿಮಿಷ ಇತ್ತು, 2017ರಲ್ಲಿ ಸಮ ಮಾಡಿದರು.

ಬಹುಮಾನವೂ ಸಮ. ಗ್ರ್ಯಾಂಡ್ ಸ್ಲ್ಯಾಮ್‌ನಲ್ಲಿ ಚಿನ್ನಕ್ಕೆ 5,000 ಯೂರೋ, ಬೆಳ್ಳಿಗೆ 3,000, ಎರಡು ಕಂಚಿಗೆ ತಲಾ 1,500. ಹದಿನಾಲ್ಕು ವಿಭಾಗ ಕೂಡಿದರೆ 1,54,000. ಇದರಲ್ಲಿ ಐದನೇ ಒಂದು ಪಾಲು ಕೋಚ್‌ಗೆ ಹೋಗುತ್ತದೆ. ಟೆನಿಸ್‌ನ ಗ್ರ್ಯಾಂಡ್ ಸ್ಲ್ಯಾಮ್ ಮನಸ್ಸಿನಲ್ಲಿಟ್ಟುಕೊಂಡವರು "ಇಷ್ಟೇನಾ?" ಅನ್ನುತ್ತಾರೆ. ಹೌದು, ಇಷ್ಟೇ.

ಹೆಂಗಸರಿಗೂ ಮೊದಲಿನಿಂದಲೂ ಅವಕಾಶ ಇತ್ತೇ?

ಇರಲಿಲ್ಲ. ಪುರುಷರ ಜೂಡೊ ಒಲಿಂಪಿಕ್ಸ್‌ಗೆ ಬಂದದ್ದು 1964ರಲ್ಲಿ. ಮಹಿಳೆಯರದು ಪದಕದ ಕ್ರೀಡೆಯಾಗಿ ಬಂದದ್ದು 1992ರ ಬಾರ್ಸಿಲೋನಾದಲ್ಲಿ. ಅದಕ್ಕೆ ಮುಂಚೆ 1988ರ ಸೋಲ್‌ನಲ್ಲಿ ಪ್ರದರ್ಶನ ಪಂದ್ಯಗಳಷ್ಟೇ ನಡೆದಿದ್ದವು.

ಈ ನಡುವಿನ ಕತೆಯಲ್ಲಿ ಒಬ್ಬರ ಹೆಸರು ಹೇಳಲೇಬೇಕು: ನ್ಯೂಯಾರ್ಕ್‌ನ ರಸ್ಟಿ ಕಾನೊಕೊಗಿ. 1959ರಲ್ಲಿ ವೈಎಂಸಿಎ ಟೂರ್ನಿಯೊಂದರಲ್ಲಿ ಕೂದಲು ಮೋಟು ಮಾಡಿಕೊಂಡು, ಎದೆಗೆ ಬಟ್ಟೆ ಬಿಗಿದುಕೊಂಡು ಗಂಡಸರ ತಂಡದಲ್ಲಿ ಆಡಿ ಗೆದ್ದರು. "ನೀನು ಹೆಣ್ಣೇ?" ಎಂದು ಸಂಘಟಕರು ಕೇಳಿದಾಗ ಹೌದೆಂದರು. ಪದಕ ವಾಪಸ್ ಹೋಯಿತು. ಇಪ್ಪತ್ತೊಂದು ವರ್ಷದ ಮೇಲೆ, 1980ರಲ್ಲಿ, ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದನ್ನು ನಡೆಸಿದವರು ಆಕೆಯೇ, ಸ್ವಂತ ಮನೆ ಅಡವಿಟ್ಟು.

ಗೆಲುವು ನಿರ್ಧಾರ ಆಗುವುದು ಹೇಗೆ?

ಕುಸ್ತಿಯ 'ಚಿತ್' ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಎದುರಾಳಿಯನ್ನು ಬಲವಾಗಿ, ವೇಗವಾಗಿ, ನಿಮ್ಮ ಹತೋಟಿಯಲ್ಲೇ ಬೆನ್ನ ಮೇಲೆ ಎಸೆದರೆ 'ಇಪ್ಪೊನ್'. ಪಂದ್ಯ ಅಲ್ಲಿಗೆ ಮುಗಿಯಿತು, ಮೂರನೇ ಸೆಕೆಂಡಿನಲ್ಲಾದರೂ ಸರಿ. ಬೆನ್ನು ಪೂರ್ತಿ ತಾಗದೆ, ಅಥವಾ ವೇಗ ಸಾಲದೆ ಬಿದ್ದರೆ 'ವಾಜಾ-ಆರಿ'. ಎರಡು ವಾಜಾ-ಆರಿ ಸೇರಿದರೆ ಒಂದು ಇಪ್ಪೊನ್. ಅದಕ್ಕೂ ಕೆಳಗಿನದು 'ಯುಕೊ'. 2017ರಲ್ಲಿ ಇದನ್ನು ಕಿತ್ತುಹಾಕಿದ್ದರು, 2025ರಲ್ಲಿ ವಾಪಸ್ ತಂದರು. ಎಷ್ಟು ಯುಕೊ ಕೂಡಿಟ್ಟರೂ ವಾಜಾ-ಆರಿ ಆಗುವುದಿಲ್ಲ. ನನ್ನನ್ನು ಕೇಳಿದರೆ ಯುಕೊ ಬಂದದ್ದು ಒಳ್ಳೆಯದೇ ಆಯಿತು. ಅದಿಲ್ಲದ ಕಾಲದಲ್ಲಿ ಸಣ್ಣ ಮೇಲುಗೈಗೆ ಬೆಲೆಯೇ ಇರಲಿಲ್ಲ, ಪಂದ್ಯಗಳು ಸುಮ್ಮನೆ ಹೆಚ್ಚುವರಿ ಸಮಯಕ್ಕೆ ಜಾರುತ್ತಿದ್ದವು.

ಕೆಳಗೆ ಬಿದ್ದ ಮೇಲೂ ಆಟ ಉಂಟು. ಎದುರಾಳಿಯನ್ನು ಬೆನ್ನ ಮೇಲೆ ಒತ್ತಿ ಹಿಡಿದರೆ ಗಡಿಯಾರ ಓಡತೊಡಗುತ್ತದೆ: 5 ಸೆಕೆಂಡಿಗೆ ಯುಕೊ, 10ಕ್ಕೆ ವಾಜಾ-ಆರಿ, 20ಕ್ಕೆ ಇಪ್ಪೊನ್. ಕುಸ್ತಿಯಲ್ಲಿ ಭುಜ ತಾಗಿದರೆ ಆಯಿತು. ಇಲ್ಲಿ ತಾಗಿಸಿ ಹಿಡಿದುಕೊಂಡಿರಬೇಕು. ಇನ್ನು ಮೊಣಕೈ ಕೀಲಿಗೆ ತಿರುವು ಹಾಕಿದರೆ ಅಥವಾ ಕತ್ತು ಬಿಗಿದರೆ, ಎದುರಾಳಿ ಅಂಗೈಯಿಂದ ಎರಡು ಸಲ ತಟ್ಟಿ ಸೋಲೊಪ್ಪುತ್ತಾರೆ.

ನಾಲ್ಕು ನಿಮಿಷವೂ ಬರೀ ಕೋಟು ಎಳೆದಾಡುತ್ತಾರೆ. ಇದರಲ್ಲಿ ನೋಡುವುದೇನಿದೆ?

ನನಗೆ ಇಷ್ಟದ ಪ್ರಶ್ನೆ ಇದು. ಉತ್ತರ ಎರಡೇ ಪದ: ಕೈ ನೋಡಿ.

ಹೊಸಬರೆಲ್ಲ ಕಾಲು ನೋಡುತ್ತಾರೆ, ಯಾವಾಗ ಎತ್ತಿ ಹಾಕುತ್ತಾರೋ ಎಂದು ಕಾಯುತ್ತಾರೆ. ಎಸೆತ ಬಂದಾಗ ಅದು ಅರ್ಧ ಸೆಕೆಂಡಿನಲ್ಲಿ ಮುಗಿದೇ ಹೋಗಿರುತ್ತದೆ, "ಏನಾಯ್ತು?" ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಎಸೆತ ತಯಾರಾದದ್ದು ಅದಕ್ಕಿಂತ ಒಂದು ನಿಮಿಷ ಮುಂಚೆ, ಬೆರಳುಗಳಲ್ಲಿ.

ಬಲಗೈ ರೂಢಿಯವರು ಬಲಗೈಯಲ್ಲಿ ಎದುರಾಳಿಯ ಕಾಲರ್ ಹಿಡಿಯುತ್ತಾರೆ, ಎಡಗೈಯಲ್ಲಿ ತೋಳು. ಕಾಲರ್ ಹಿಡಿದ ಕೈ ಗಾಡಿಯ ಸ್ಟೀರಿಂಗ್ ಇದ್ದ ಹಾಗೆ, ಎದುರಾಳಿಯ ತಲೆ ಎತ್ತ ಹೋಗಬೇಕೆಂದು ಅದು ಹೇಳುತ್ತದೆ. ತೋಳು ಹಿಡಿದ ಕೈ ಎದುರಾಳಿಯ ಒಂದು ಕೈಯನ್ನು ಆಟದಿಂದಲೇ ತೆಗೆದುಹಾಕುತ್ತದೆ. ಎರಡೂ ಸಿಕ್ಕವರು ಅರ್ಧ ಗೆದ್ದ ಹಾಗೆ. ಅದಕ್ಕೇ ಇಬ್ಬರೂ ತಮ್ಮ ಹಿಡಿತ ಸಿಗಲಿ, ಅವರದು ಸಿಗದಿರಲಿ ಎಂದು ಕೈ ಕೊಡವುತ್ತ, ತಟ್ಟುತ್ತ ಇರುತ್ತಾರೆ. ಜಪಾನಿಯಲ್ಲಿ ಇದಕ್ಕೆ 'ಕುಮಿಕಾತಾ'. ಇಬ್ಬರೂ ಬಲಗೈಯವರಾದರೆ ಒಂದು ಲೆಕ್ಕ, ಒಬ್ಬರು ಎಡಗೈಯವರಾದರೆ ಪೂರ್ತಿ ಬೇರೆ ಲೆಕ್ಕ. ಆಗ ಇಬ್ಬರ ಕಾಲರ್ ಕೈಗಳೂ ಒಂದೇ ಪಕ್ಕದಲ್ಲಿ ಅಡ್ಡ ಬರುತ್ತವೆ, ತೋಳು ಹಿಡಿಯುವುದಕ್ಕೇ ಒಂದೆರಡು ನಿಮಿಷ ಹೋಗುತ್ತದೆ.

ಹಿಡಿತ ಸಿಕ್ಕ ಮೇಲೆ ಮೂರು ಹಂತ. ಮೊದಲು ಎದುರಾಳಿಯ ನಿಲುವು ಕೆಡಿಸಬೇಕು, ಆಮೇಲೆ ತಾನು ಸರಿಯಾದ ಜಾಗಕ್ಕೆ ಹೊಕ್ಕಬೇಕು, ಕೊನೆಗೆ ಎಸೆಯಬೇಕು. ನಮ್ಮ ಕಣ್ಣಿಗೆ ಬೀಳುವುದು ಮೂರನೆಯದು ಮಾತ್ರ. ಸೆಯೊಇ-ನಾಗೆ ಎಂಬ ಪಟ್ಟು ನೋಡಿದರೆ ಗರಡಿಯವರಿಗೆ ತಕ್ಷಣ ಗುರುತು ಸಿಗುತ್ತದೆ, ಬಟ್ಟೆ ಒಗೆಯುವ ಹಾಗೆ ಬೆನ್ನ ಮೇಲಿಂದ ಎತ್ತಿ ಹಾಕುವ ನಮ್ಮ ಧೋಬಿ ಪಟ್ಟಿನ ಸೋದರ ಅದು. ಉಚಿ-ಮಾತಾ ಎಂದರೆ ಎದುರಾಳಿಯ ಎರಡು ಕಾಲುಗಳ ನಡುವೆ ತನ್ನ ಕಾಲು ತೂರಿಸಿ ಮೇಲಕ್ಕೆ ಬೀಸುವುದು. ಚೆನ್ನಾಗಿ ಕೂತರೆ ಇದರಷ್ಟು ಚೆಂದದ್ದು ಜೂಡೊದಲ್ಲಿ ಇನ್ನೊಂದಿಲ್ಲ. ತಪ್ಪಿದರೆ ಒಂಟಿ ಕಾಲಿನಲ್ಲಿ ನಿಂತವನೇ ಮಗುಚುತ್ತಾನೆ.

ಒಂದು ಪಂದ್ಯವನ್ನು ಕಾಲು ನೋಡದೆ, ಬರೀ ಕೈ ನೋಡುತ್ತ ಮುಗಿಸಿ. ಎರಡನೇ ಪಂದ್ಯದಿಂದ ಯಾರು ಗೆಲ್ಲುತ್ತಾರೆಂದು ನೀವೇ ಹೇಳತೊಡಗುತ್ತೀರಿ.

ಕಾಲು ಹಿಡಿದು ಎಳೆದರೆ ಸುಲಭವಲ್ಲವೇ? ಯಾಕೆ ಯಾರೂ ಹಿಡಿಯುವುದಿಲ್ಲ?

ಸುಲಭ, ಅದಕ್ಕೇ ನಿಷೇಧ. ಬೆಲ್ಟಿನ ಕೆಳಗೆ ಕೈ ಹಾಕುವುದನ್ನು 2010ರಿಂದ ಹಂತ ಹಂತವಾಗಿ ತಡೆದರು. ಎಲ್ಲರೂ ಬಗ್ಗಿ ಕಾಲಿಗೆ ಹಾರುವ ಆಟವಾಗಿ, ಜೂಡೊ ಫ್ರೀಸ್ಟೈಲ್ ಕುಸ್ತಿಯಂತೆ ಕಾಣತೊಡಗಿದೆ ಎಂಬುದು ಫೆಡರೇಶನ್ನಿನ ಚಿಂತೆಯಾಗಿತ್ತು. ಮಂಗೋಲಿಯಾ, ಜಾರ್ಜಿಯಾದಂಥ, ಸ್ವಂತ ಕುಸ್ತಿ ಪರಂಪರೆಯುಳ್ಳ ದೇಶಗಳಿಗೆ ಇದು ದೊಡ್ಡ ಏಟು ಎಂದು ಆಗ ಬಹಳ ಮಾತಾಗಿತ್ತು. ಅವರು ಸೊಂಟದ ಮೇಲಿನ ಹಿಡಿತಕ್ಕೇ ತಮ್ಮ ಪಟ್ಟುಗಳನ್ನು ಹೊಂದಿಸಿಕೊಂಡು ಈಗಲೂ ಗೆಲ್ಲುತ್ತಿದ್ದಾರೆ.

ಬೀಳಿಸಲೇ ಇಲ್ಲ, ಗೆದ್ದದ್ದು ಹೇಗೆ?

ಶಿಡೊ. ಅಂದರೆ ದಂಡ. ದಾಳಿ ಮಾಡದೆ ಕಾಲ ಕಳೆದರೆ, ಸುಳ್ಳು ದಾಳಿ ತೋರಿಸಿ ಮೊಣಕಾಲೂರಿದರೆ, ಗೆರೆ ದಾಟಿದರೆ, ಹಿಡಿತ ಕೊಡದೆ ಓಡಾಡಿದರೆ ಒಂದೊಂದು ಶಿಡೊ. ಮೂರಾದರೆ ಪಂದ್ಯ ಕೈಬಿಟ್ಟಿತು. ನೋಡುವವರಿಗೆ ಇದು ನೀರಸ ಗೆಲುವು, ಒಪ್ಪುತ್ತೇನೆ. ಆದರೆ ಕೋಚ್‌ಗಳು ಇದಕ್ಕೂ ಲೆಕ್ಕ ಹಾಕಿ ಆಡಿಸುತ್ತಾರೆ. ಎದುರಾಳಿಯ ಹೆಸರಿಗೆ ಎರಡು ಶಿಡೊ ಬಿದ್ದಿದೆಯೆಂದರೆ, ಮುಂದಿನ ಅರ್ಧ ನಿಮಿಷ ಮೈಮೇಲೆ ಬಂದವರ ಹಾಗೆ ನುಗ್ಗುವುದನ್ನು ಗಮನಿಸಿ.

ಅಂದಹಾಗೆ, ಮೂಲೆಯ ಕುರ್ಚಿಯಲ್ಲಿ ಕೂತ ಕೋಚ್ ಆಟ ನಡೆಯುವಾಗ ಬಾಯಿ ಬಿಡುವಂತಿಲ್ಲ. ರೆಫರಿ 'ಮಾತೆ' ಎಂದು ನಿಲ್ಲಿಸಿದಾಗಿನಿಂದ 'ಹಾಜಿಮೆ' ಎಂದು ಮತ್ತೆ ಬಿಡುವವರೆಗೆ ಮಾತ್ರ ಮಾತು. ಆ ಐದಾರು ಸೆಕೆಂಡಿನಲ್ಲಿ ಅವರ ಕೈಸನ್ನೆ, ಕೂಗು ನೋಡುವುದೇ ಒಂದು ಮಜಾ. ಸಂಜೆಯ ಫೈನಲ್‌ಗೆ ಸೂಟು ಹಾಕಿಕೊಂಡೇ ಬರಬೇಕೆಂಬ ನಿಯಮವೂ ಇರುವುದರಿಂದ ಟೈ ಕಟ್ಟಿಕೊಂಡು ಕೂಗುತ್ತಿರುತ್ತಾರೆ.

ಸಮ ಆದರೆ?

'ಗೋಲ್ಡನ್ ಸ್ಕೋರ್'. ಮೊದಲು ಅಂಕ ಪಡೆದವರು ಗೆದ್ದರು, ಅದು ಯುಕೊ ಆದರೂ ಸಾಕು. ಇದಕ್ಕೆ ಸಮಯದ ಮಿತಿಯೇ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನ 70 ಕಿಲೊ ಸೆಮಿಫೈನಲ್‌ನಲ್ಲಿ ಜಪಾನಿನ ಚಿಜುರು ಅರಾಯಿ ಮತ್ತು ರಷ್ಯಾದ ಮದೀನಾ ತೈಮಜೋವಾ 16 ನಿಮಿಷಕ್ಕೂ ಹೆಚ್ಚು ಸೆಣಸಿದರು. ಅದಕ್ಕಿಂತಲೂ ಹೆಚ್ಚಿನದು 2020ರ ಡಿಸೆಂಬರ್‌ನಲ್ಲಿ ಕೊಡೊಕಾನ್‌ನಲ್ಲಿ ಪ್ರೇಕ್ಷಕರಿಲ್ಲದೆ ನಡೆದ ಪಂದ್ಯ. ಜಪಾನಿನ 66 ಕಿಲೊ ಒಲಿಂಪಿಕ್ ಸ್ಥಾನ ಒಂದೇ, ಅರ್ಹರು ಇಬ್ಬರು. ಹಿಫುಮಿ ಅಬೆ ಮತ್ತು ಜೋಶಿರೊ ಮರುಯಾಮಾ 24 ನಿಮಿಷ ಹೋರಾಡಿದರು. ಗೆದ್ದ ಅಬೆ ಮುಂದೆ ಒಲಿಂಪಿಕ್ ಚಿನ್ನ ತಂದರು.

ಒಬ್ಬರಿಗೆ ಬಿಳಿ, ಒಬ್ಬರಿಗೆ ನೀಲಿ ಯಾಕೆ?

ಗುರುತು ಹಿಡಿಯಲು, ಅಷ್ಟೇ. ಮೊದಲು ಹೆಸರು ಕರೆದವರಿಗೆ ಬಿಳಿ. ಹಿಂದೆ ಇಬ್ಬರೂ ಬಿಳಿಯೇ ತೊಟ್ಟು ಸೊಂಟಕ್ಕೆ ಕೆಂಪು ಅಥವಾ ಬಿಳಿ ಪಟ್ಟಿ ಕಟ್ಟುತ್ತಿದ್ದರು. ನೀಲಿ ತರಬೇಕೆಂದು 80ರ ದಶಕದಲ್ಲಿ ಹಟ ಹಿಡಿದವರು ಡಚ್ಚರ ಆಂಟನ್ ಗೀಸಿಂಕ್. ಜಪಾನ್ ಸುತರಾಂ ಒಪ್ಪಲಿಲ್ಲ. ಕೊನೆಗೆ 1997ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ಅಂಗೀಕರಿಸಿತು. ಈ ಗೀಸಿಂಕ್ ಜಪಾನಿಗೆ ಅದಕ್ಕೂ ಮೊದಲೇ ಎರಡು ಪೆಟ್ಟು ಕೊಟ್ಟಿದ್ದವರು. 1961ರಲ್ಲಿ ಪ್ಯಾರಿಸ್‌ನಲ್ಲೇ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಜಪಾನೇತರ ಪಟು ಅವರು. 1964ರಲ್ಲಿ ಟೋಕಿಯೊದ ಬುಡೊಕಾನ್‌ನಲ್ಲಿ, ತುಂಬಿದ ಸಭೆಯೆದುರು, ಅಕಿಯೊ ಕಾಮಿನಾಗಾ ಅವರನ್ನು ಒತ್ತಿ ಹಿಡಿದು ಒಲಿಂಪಿಕ್ ಚಿನ್ನ ಪಡೆದರು. ಖುಷಿಯಲ್ಲಿ ಚಾಪೆಗೆ ನುಗ್ಗಲು ಬಂದ ಡಚ್ ಅಭಿಮಾನಿಗಳನ್ನು ಅವರು ಕೈಯೆತ್ತಿ ತಡೆದ ದೃಶ್ಯವನ್ನು ಜಪಾನಿಯರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಎರಡೆರಡು ಕಂಚು ಯಾಕೆ? ಸೋತವರು ಮತ್ತೆ ಹೇಗೆ ಬಂದರು?

ರೆಪಶಾಜ್. 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದದ್ದು ಇದೇ ದಾರಿಯಲ್ಲಿ, ಹಾಗಾಗಿ ಪದ ನಮಗೆ ಹೊಸದಲ್ಲ. ಆದರೆ ಒಂದು ವ್ಯತ್ಯಾಸವಿದೆ. ಕುಸ್ತಿಯಲ್ಲಿ ಫೈನಲ್ ತಲುಪಿದವರ ಕೈಯಲ್ಲಿ ಸೋತವರಿಗೆ ಮರುಅವಕಾಶ. ಜೂಡೊದಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ವರಿಗೆ ಮಾತ್ರ. ಅವರು ತಮ್ಮೊಳಗೆ ಆಡಿ, ಗೆದ್ದ ಇಬ್ಬರು ಸೆಮಿಫೈನಲ್‌ನಲ್ಲಿ ಸೋತ ಇಬ್ಬರ ಜೊತೆ ಒಂದೊಂದು ಕಂಚಿಗೆ ಸೆಣಸುತ್ತಾರೆ. ಮೊದಲ ಸುತ್ತಿನಲ್ಲಿ ಸೋತವರು ಬ್ಯಾಗ್ ಕಟ್ಟುವುದೇ. ವರ್ಷವಿಡೀ ತಯಾರಾಗಿ ಬಂದು ಇಪ್ಪತ್ತು ಸೆಕೆಂಡಿನಲ್ಲಿ ಮನೆಗೆ ಹೋಗುವವರೂ ಇದ್ದಾರೆ.

ತೂಕ ಯಾವಾಗ ನೋಡುತ್ತಾರೆ?

ಹಿಂದಿನ ದಿನ ಸಂಜೆ. ತೂಕ ಕೊಟ್ಟು ರಾತ್ರಿ ಸಿಕ್ಕಾಪಟ್ಟೆ ತಿಂದು ಬರುವುದನ್ನು ತಪ್ಪಿಸಲು, ಪಂದ್ಯದ ಬೆಳಿಗ್ಗೆ ಚೀಟಿ ಎತ್ತಿ ಕೆಲವರನ್ನು ಮತ್ತೆ ತೂಗುತ್ತಾರೆ. ಆಗ ಶೇ 5ರಷ್ಟು ರಿಯಾಯಿತಿ ಇರುತ್ತದೆ. 60 ಕಿಲೊದವರು 63 ದಾಟಿದ್ದರೆ ಆಡುವಂತಿಲ್ಲ.

ಟೆಡ್ಡಿ ರಿನೇರ್ ಅಂದರೆ ಅಲ್ಲಿ ಯಾಕಷ್ಟು ಹುಚ್ಚು?

ಫ್ರಾನ್ಸ್‌ನ ಈ ಜೂಡೊ ಪಟುವಿಗೆ ಎರಡು ಮೀಟರ್ ಮೀರಿದ ಎತ್ತರ, 140 ಕಿಲೊ ಆಸುಪಾಸಿನ ತೂಕ. ಕೆರಿಬಿಯನ್ನಿನ ಗ್ವಾಡೆಲೂಪ್‌ನಲ್ಲಿ ಹುಟ್ಟಿ, 2007ರಲ್ಲಿ ಹದಿನೆಂಟರ ಹರೆಯದಲ್ಲೇ ವಿಶ್ವ ಚಾಂಪಿಯನ್ ಆದವರು. 2010ರ ಸೆಪ್ಟೆಂಬರ್‌ನಲ್ಲಿ ಒಂದು ಪಂದ್ಯ ಸೋತರು. ಆಮೇಲೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಸೋಲೇ ಇಲ್ಲ. ಸತತ 154 ಗೆಲುವು. ಆ ಸರಣಿ ತುಂಡಾದದ್ದು ಎಲ್ಲಿ ಗೊತ್ತೇ? ಇದೇ ಪ್ಯಾರಿಸ್ ಟೂರ್ನಿಯಲ್ಲಿ, 2020ರ ಫೆಬ್ರವರಿ 9ರಂದು, ತಮ್ಮದೇ ಜನರ ಮುಂದೆ, ಜಪಾನಿನ ಕೊಕೊರೊ ಕಗೆಉರಾ ಎದುರು, ಗೋಲ್ಡನ್ ಸ್ಕೋರ್‌ನಲ್ಲಿ.

2024ರ ಒಲಿಂಪಿಕ್ಸ್ ಅದೇ ಊರಿಗೆ ಬಂದಾಗ ಜ್ಯೋತಿ ಬೆಳಗಿಸಿದ ಇಬ್ಬರಲ್ಲಿ ಇವರೊಬ್ಬರು. ವೈಯಕ್ತಿಕ ಚಿನ್ನವೂ ಸಿಕ್ಕಿತು. ಮಿಶ್ರ ತಂಡಗಳ ಫೈನಲ್‌ನಲ್ಲಿ ಜಪಾನ್ ಜೊತೆ 3-3 ಸಮವಾಗಿ, ಯಾವ ತೂಕದವರು ನಿರ್ಣಾಯಕ ಪಂದ್ಯ ಆಡಬೇಕೆಂದು ಪರದೆಯ ಮೇಲೆ ಚಕ್ರ ತಿರುಗಿಸಿದರು. ಚಕ್ರ ನಿಂತದ್ದು 90 ಕಿಲೊ ಮೇಲ್ಪಟ್ಟವರ ಮೇಲೆ, ಅಂದರೆ ರಿನೇರ್ ಮೇಲೆ. ಸಿನಿಮಾದಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಗೆದ್ದರು.

ಆದರೆ ಬೆರ್ಸಿಯಲ್ಲಿ ಕೂಗು ಅವರೊಬ್ಬರಿಗೇ ಅಲ್ಲ. 63 ಕಿಲೊದ ಕ್ಲಾರಿಸ್ ಅಗ್ಬೆನ್ಯೆನು ಬಂದಾಗಲೂ ಸೂರು ಹಾರಿಹೋಗುವಷ್ಟು ಸದ್ದು. 2022ರಲ್ಲಿ ತಾಯಿಯಾಗಿ, 2023ರ ಮೇ ತಿಂಗಳಲ್ಲಿ ದೋಹಾದಲ್ಲಿ ಆರನೇ ವಿಶ್ವ ಪ್ರಶಸ್ತಿ ಗೆದ್ದವರು ಆಕೆ.

ಭಾರತದವರು ಯಾರಾದರೂ ಈ ಮಟ್ಟದಲ್ಲಿ ಇದ್ದಾರೆಯೇ? ಕರ್ನಾಟಕಕ್ಕೆ ನಂಟು ಉಂಟೇ?

ಹಿರಿಯರ ಮಟ್ಟದಲ್ಲಿ ನಾವು ಇನ್ನೂ ಹಿಂದಿದ್ದೇವೆ. ಮಣಿಪುರದ ಸುಶೀಲಾ ದೇವಿ 48 ಕಿಲೊದಲ್ಲಿ 2014 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ನಮ್ಮ ಏಕೈಕ ಜೂಡೊ ಪಟುವೂ ಅವರೇ. ಕಾಮನ್‌ವೆಲ್ತ್ ಬೆಳ್ಳಿ ಗೆದ್ದಿದ್ದ ತೂಲಿಕಾ ಮಾನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಕ್ಯೂಬಾದ ಇಡಾಲಿಸ್ ಒರ್ಟಿಸ್ ಎದುರು 28 ಸೆಕೆಂಡಿನಲ್ಲಿ ಸೋತರು. ಒರ್ಟಿಸ್ ನಾಲ್ಕು ಒಲಿಂಪಿಕ್ ಪದಕ ಗೆದ್ದವರು ಎಂಬುದನ್ನು ಆ 28 ಸೆಕೆಂಡಿನ ಬಗ್ಗೆ ನಕ್ಕವರು ಮರೆತಿದ್ದರು.

ಕರ್ನಾಟಕದ ನಂಟು ಲಿಂತೋಯ್ ಚನಂಬಮ್ ಮೂಲಕ. ಮಣಿಪುರದ ಈ ಹುಡುಗಿ 2022ರಲ್ಲಿ ಸರಯೇವೊದಲ್ಲಿ 57 ಕಿಲೊ ವಿಭಾಗದ ಕೆಡೆಟ್, ಅಂದರೆ ಹದಿನೆಂಟರೊಳಗಿನವರ, ವಿಶ್ವ ಚಾಂಪಿಯನ್ ಆದಳು. ಯಾವುದೇ ವಯೋಮಾನದಲ್ಲಿ ಭಾರತಕ್ಕೆ ಬಂದ ಮೊದಲ ಜೂಡೊ ವಿಶ್ವ ಪ್ರಶಸ್ತಿ ಅದು. ಅವಳು ತಯಾರಾದದ್ದು ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಜಾರ್ಜಿಯಾದ ಕೋಚ್ ಮಮುಕಾ ಕಿಜಿಲಶ್ವಿಲಿ ಕೈಯಲ್ಲಿ. ಬಳ್ಳಾರಿಯ ಬಿಸಿಲಿನಲ್ಲಿ ಆ ದಪ್ಪ ಹತ್ತಿಯ ಕೋಟು ತೊಟ್ಟು ಅಭ್ಯಾಸ ಮಾಡುವುದನ್ನು ಒಮ್ಮೆ ಊಹಿಸಿಕೊಳ್ಳಿ.

ನಮ್ಮ ಮಗಳು ಜೂಡೊ ಕಲಿಯುತ್ತಿದ್ದಾಳೆ. ಪ್ಯಾರಿಸ್‌ಗೆ ಹೆಸರು ಕೊಡಬಹುದೇ?

ನೇರವಾಗಿ ಆಗುವುದಿಲ್ಲ. ಪ್ರವೇಶ ಕಳಿಸುವುದು ದೇಶದ ಫೆಡರೇಶನ್ ಮಾತ್ರ, ಅದೂ ಒಂದು ತೂಕಕ್ಕೆ ಹೆಚ್ಚೆಂದರೆ ಇಬ್ಬರನ್ನು. ಆತಿಥೇಯ ದೇಶಕ್ಕೆ ನಾಲ್ವರು. ವಿಶ್ವ ಸರಣಿಯಲ್ಲಿ ಆಡಲು ಆ ವರ್ಷ ಹದಿನೈದು ತುಂಬಬೇಕು. ದಾರಿ ಶಾಲಾ ಕ್ರೀಡಾಕೂಟ, ರಾಜ್ಯ, ರಾಷ್ಟ್ರೀಯ ಎಂದು ಹೋಗುತ್ತದೆ. ಮೊದಲ ವರ್ಷ ಪದಕದ ಮಾತು ಬೇಡ, ಬೀಳುವುದನ್ನು ಚೆನ್ನಾಗಿ ಕಲಿಯಲಿ. ಬಿದ್ದಾಗ ತಲೆ ಒಳಗೆಳೆದುಕೊಂಡು ಕೈಯಿಂದ ಚಾಪೆ ಹೊಡೆಯುವ 'ಉಕೆಮಿ' ಮೈಗೂಡಿದ ಮಗು ಸೈಕಲ್ಲಿನಿಂದ ಬಿದ್ದಾಗಲೂ ಬಚಾವಾಗುತ್ತದೆ. ಸೇರಿದ ಮೂರೇ ತಿಂಗಳಿಗೆ ಪಂದ್ಯಕ್ಕೆ ಇಳಿಸುವ ಕ್ಲಾಸಿನಿಂದ ದೂರ ಇರಿ.

ಊರಲ್ಲೇ ಕೂತು ನೋಡುವುದು ಹೇಗೆ?

ಅಂತರರಾಷ್ಟ್ರೀಯ ಫೆಡರೇಶನ್ನಿನ ಜೂಡೊಟಿವಿಯಲ್ಲಿ. ಫೆಬ್ರವರಿಯಲ್ಲಿ ನಮ್ಮ ಗಡಿಯಾರ ಪ್ಯಾರಿಸ್‌ಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಬೆಳಿಗ್ಗೆ ಶುರುವಾಗುವ ಆರಂಭಿಕ ಸುತ್ತುಗಳು ನಮಗೆ ಮಧ್ಯಾಹ್ನದ ಊಟದ ಹೊತ್ತಿನಿಂದ ಸಿಗುತ್ತವೆ. ಸಂಜೆಯ ಪದಕದ ಪಂದ್ಯಗಳು ನಮ್ಮ ರಾತ್ರಿ ಊಟ ಮುಗಿಯುವ ವೇಳೆಗೆ. ಫೈನಲ್ ಮಾತ್ರ ನೋಡುತ್ತೇನೆ ಎನ್ನುವವರಿಗೆ ನನ್ನದೊಂದು ತಕರಾರಿದೆ: ಒಳ್ಳೆಯ ಎಸೆತಗಳು ಹೆಚ್ಚು ಬರುವುದು ಬೆಳಗಿನ ಸುತ್ತುಗಳಲ್ಲಿ. ಫೈನಲ್‌ನಲ್ಲಿ ಇಬ್ಬರಿಗೂ ಒಬ್ಬರ ಪಟ್ಟು ಇನ್ನೊಬ್ಬರಿಗೆ ಬಾಯಿಪಾಠ.

ಪ್ಯಾರಿಸ್‌ನಲ್ಲಿದ್ದೇವೆ, ಹೋಗಿ ನೋಡಬೇಕು. ಏನು ಮಾಡಬೇಕು?

ಮೆಟ್ರೊ 6 ಅಥವಾ 14ನೇ ಲೈನ್ ಹಿಡಿದು ಬೆರ್ಸಿಯಲ್ಲಿ ಇಳಿಯಿರಿ. ಇಳಿಜಾರು ಗೋಡೆಗಳ ಮೇಲೆ ಹುಲ್ಲು ಬೆಳೆದ ಕಟ್ಟಡ ಕಾಣುತ್ತದೆ, ಅದೇ. ಟಿಕೆಟ್ ಮುಂಚೆಯೇ ತೆಗೆದಿಡಿ, ರಿನೇರ್ ಆಡುತ್ತಾರೆಂದು ಗೊತ್ತಾದ ವರ್ಷ ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ಶನಿವಾರದ ಹಗುರ ತೂಕದವರ ವೇಗ ಒಮ್ಮೆ ನೋಡಿದರೆ ಮುಂದಿನ ವರ್ಷ ನೀವೇ ಶನಿವಾರ ಕೇಳುತ್ತೀರಿ. ಬೆಳಿಗ್ಗೆ ಒಂದಲ್ಲ, ಹಲವು ಚಾಪೆಗಳಲ್ಲಿ ಒಟ್ಟಿಗೆ ಪಂದ್ಯ ನಡೆಯುತ್ತದೆ. ಎಲ್ಲವನ್ನೂ ನೋಡಲು ಹೋದರೆ ಏನೂ ಸಿಗುವುದಿಲ್ಲ, ಒಂದು ಚಾಪೆ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಸೀಟು ತೀರಾ ಮೇಲೆ ಸಿಕ್ಕರೆ ಸಣ್ಣ ದುರ್ಬೀನು ಜೇಬಿನಲ್ಲಿರಲಿ, ಬೆರಳು ಕಾಣಬೇಕಲ್ಲ.